ಡೈಪರ್ ಹಾಕಿದವರ ಹೆಬ್ಬೆಟ್ಟು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದರಲ್ಲಿ ಜಕ್ಕಿಯಬ್ಬೆಯ ಕೊನೆಗಾಲದ ವಿವರವಿದೆ. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಎಂಬ ಸೀಮೆಯನ್ನು ಆಳಿದ ಈಕೆ, ರೋಗ ಮೈಗೆ ಹೊಕ್ಕಾಗ ಮಗಳನ್ನು ಕರೆಸಿ ತನ್ನದನ್ನು ಒಪ್ಪಿಸಿದಳು. 918ರಲ್ಲಿ ಅಲ್ಲಿಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ತನ್ನ ಇಷ್ಟದಂತೆ ಕೊಟ್ಟವಳು. ಇವತ್ತು ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಎಷ್ಟೋ ಹಿರಿಯರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಮೂತ್ರದ ಹಿಡಿತ ತಪ್ಪಿದ ತಾಯಿ ಡೈಪರ್ ಬೇಕೆಂದು ಬಾಯಿಬಿಟ್ಟು ಕೇಳುವುದಿಲ್ಲ. ಒದ್ದೆ ಸೀರೆ ಮುಚ್ಚಿಡುತ್ತಾಳೆ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಆ ನಾಚಿಕೆಯ ಹೊತ್ತಿಗೇ "ನಿನ್ನ ಚಾಕರಿ ಮಾಡೋನು ನಾನೇ ತಾನೆ, ಜಮೀನು ನನ್ನ ಹೆಸರಿಗೆ ಮಾಡು" ಎಂಬ ಮಾತು ಬರುತ್ತದೆ. ಖಾತೆ ಬದಲಾದ ಮೇಲೆ ಅವಳ ಹಾಸಿಗೆ ಕೊಟ್ಟಿಗೆಯ ಪಕ್ಕಕ್ಕೆ ಹೋಗುತ್ತದೆ. ಡೈಪರ್ ದಿನಕ್ಕೊಂದೇ.

ಇದಕ್ಕೆ ಕಾನೂನಿದೆ: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಊಟ, ಬಟ್ಟೆ, ವಸತಿಯ ಜೊತೆಗೆ ವೈದ್ಯಕೀಯ ಆರೈಕೆ, ಚಿಕಿತ್ಸೆಯೂ ಜೀವನಾಂಶದೊಳಗೇ ಬರುತ್ತವೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು.

ಆದರೆ ಹೆಚ್ಚಿನವರು ಮುಗ್ಗರಿಸುವುದು ದಾನಪತ್ರದಲ್ಲಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತು ತಪ್ಪಿದರೆ, ಕಾಯ್ದೆಯ 23ನೇ ಕಲಮಿನಡಿ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಷರತ್ತು ಬರೆದಿದ್ದರೆ ತಾನೆ? ಪತ್ರ ಬರೆಯುವವರ ಬಳಿ ಇರುವುದು ಹಳೆಯ ಒಂದೇ ನಮೂನೆ, "ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ." ಷರತ್ತು ಸೇರಿಸಿ ಎಂದರೆ "ಮಗನ ಮೇಲೇ ಅನುಮಾನವಾ ಅಜ್ಜಿ?" ಎಂದು ನಗುತ್ತಾರೆ. ಅವರಿಗೇನು, ಫೀಸು ಬಂದರೆ ಆಯಿತು! ಷರತ್ತು ಇತ್ತೆಂಬುದನ್ನು ತೋರಿಸದೆ 23ನೇ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ತಾಯಿಗೆ ಆಸ್ತಿ ಮರಳಿ ಸಿಕ್ಕಿತು; ನೋಡಿಕೊಳ್ಳುವುದಾಗಿ ಮಗ ಬರೆದುಕೊಟ್ಟ ವಚನಪತ್ರ ಅಲ್ಲಿ ಇತ್ತು. ಹಾಗಾಗಿ "ಊಟ, ಔಷಧ, ಡೈಪರ್, ಸ್ನಾನ, ಮನೆಯೊಳಗೆ ಮಲಗುವ ಜಾಗ" ಎಂದು ಬಿಡಿಸಿ ಬರೆಸಬೇಕು. ನಾಚಿಕೊಳ್ಳುವ ವಿಷಯ ಅದಲ್ಲ.

ಇನ್ನೂ ಒಳ್ಳೆಯದು ಉಯಿಲು. ಬರೆದವರು ಬದುಕಿರುವಷ್ಟು ದಿನ ಆಸ್ತಿ ಅವರದ್ದೇ, ಬದಲಿಸಲೂಬಹುದು. ಆದರೆ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆಯಬೇಕು. ಇಲ್ಲೊಂದು ಎಚ್ಚರಿಕೆ. ಉಚ್ಚೆ ತಡೆಯಲಾಗದವರನ್ನು "ತಲೆ ಕೆಟ್ಟಿದೆ" ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಪ್ರಾಸ್ಟೇಟ್, ಗರ್ಭಕೋಶ ಜಾರುವಿಕೆಯಿಂದಲೂ ಹೀಗಾಗುತ್ತದೆ, ಎಷ್ಟೋ ಸಲ ಚಿಕಿತ್ಸೆಯೂ ಇದೆ. ಡೈಪರ್ ಬೇಕೆಂದು ಚೀಟಿ ಕೊಡುವ ವೈದ್ಯರಿಂದಲೇ ಬುದ್ಧಿ ಸ್ಪಷ್ಟವಿದೆ ಎಂದೂ ಬರೆಸಿಕೊಳ್ಳಬೇಕು.

ಪತ್ರದ ನೋಂದಣಿಗೆ ಹಿರಿಯರನ್ನು ಆಟೋದಲ್ಲಿ ಹೇರಿಕೊಂಡು ಹೋಗಿ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಿಸಬೇಕಿಲ್ಲ. ದೇಹಸ್ಥಿತಿಯಿಂದ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಬೇಕು, ಇಲ್ಲವೇ ಬೇರೊಬ್ಬರನ್ನು ನೇಮಿಸಿ ಹೇಳಿಕೆ ಪಡೆಯಬೇಕು: ನೋಂದಣಿ ಕಾಯ್ದೆ, 38ನೇ ಕಲಮು. "ಹಾಗೆಲ್ಲ ಆಗಲ್ಲ" ಎಂದರೆ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಕೇಳಬೇಕು. ಸ್ವೀಕೃತಿ ಎಂದೊಡನೆ ಮಾತು ಬದಲಾಗುವುದುಂಟು.

ಜೀವನಾಂಶದ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಬಂದಳಿಕೆ ಕಡೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳೆರಡೂ ಸಾಗರ ಉಪವಿಭಾಗದವು. ಹಿರಿಯರಿಗೆ ಸಾಧ್ಯವಾಗದಿದ್ದರೆ, ಅವರು ಅಧಿಕಾರ ಕೊಟ್ಟ ಮಗಳೋ ನೆರೆಯವರೋ ಸಂಸ್ಥೆಯೋ ಸಲ್ಲಿಸಬಹುದು. ವೈದ್ಯರ ಚೀಟಿ, ಮೆಡಿಕಲ್ ಶಾಪಿನ ಬಿಲ್ಲುಗಳು ಜೊತೆಗಿರಲಿ. ಬಿಲ್ಲಿಲ್ಲದೆ ಕೊಂಡ ಡೈಪರಿನ ಖರ್ಚು ತೋರಿಸುವುದು ಕಷ್ಟ. ನೋಟಿಸು ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30. ಅಷ್ಟು ದಿನ ಯಾರು ಕಾಯುತ್ತಾರೆ? ಮಧ್ಯಂತರ ಜೀವನಾಂಶವನ್ನು ಮೊದಲ ಅರ್ಜಿಯಲ್ಲೇ ಕೇಳಬೇಕು. ಅದನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ.

"ಸಾಹೇಬ್ರು ನಮ್ಮೋರೇ" ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಸಿಗುತ್ತದೆ.