ಗೇರಿಲ್ಲದ ವಾಹನಗಳೂ ಎಣ್ಣೆಯ ಉಳಿತಾಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಮುಖಂಡರೂ ಜಮೀನುದಾರರೂ ವಾಹನವನ್ನು ಕೊಳ್ಳುವ ಮುನ್ನ, ಗೇರುಳ್ಳದ್ದು ಲಾಭವೋ ಗೇರಿಲ್ಲದ್ದು ಲಾಭವೋ ಎಂಬುದನ್ನು ವಿಚಾರಮಾಡತಕ್ಕದ್ದು.

ಎಂಜಿನ್ನು ಒಂದು ಮಿತವಾದ ಸುತ್ತುವೇಗದಲ್ಲಿ ಮಾತ್ರ ಕಡಮೆ ಎಣ್ಣೆಯಿಂದ ಹೆಚ್ಚು ಕೆಲಸ ಮಾಡುತ್ತದೆ. ಗೇರುಗಳು ಮೆಟ್ಟಿಲುಗಳಂತೆ, ಎರಡರ ನಡುವೆ ನಿಲ್ಲಲು ಎಡೆಯಿಲ್ಲ. ನಿರಂತರ ವೇಗಪರಿವರ್ತಕವಾದರೋ ಇಳಿಜಾರಿನಂತೆ. ಸಾಮಾನ್ಯವಾಗಿ ಇದರಲ್ಲಿ ಎರಡು ರಾಟೆಗಳೂ ಒಂದು ಬೆಲ್ಟೂ ಉಂಟು. ಪ್ರತಿ ರಾಟೆಯೂ ಎದುರುಬದುರಾದ ಎರಡು ಶಂಕುಗಳಿಂದಾದುದು. ಶಂಕುಗಳು ಸಮೀಪಿಸಿದರೆ ಬೆಲ್ಟು ಅಂಚಿನತ್ತ ಏರುವುದು. ಅಗಲಿದರೆ ನಡುವಿಗೆ ಇಳಿಯುವುದು. ಬೆಲ್ಟಿನ ಸುತ್ತು ಎಂಜಿನ್ನಿನ ರಾಟೆಯಲ್ಲಿ 2 ಅಂಗುಲ, ಗಾಲಿಯ ಕಡೆಯ ರಾಟೆಯಲ್ಲಿ 4 ಅಂಗುಲ ವ್ಯಾಸವಾಗಿದ್ದರೆ, ವೇಗವು ಅರ್ಧಕ್ಕಿಳಿದು ತಿರುಗಿಸುವ ಬಲವು ಸುಮಾರು ಇಮ್ಮಡಿಯಾಗುವುದು. ಏರುದಾರಿಗೆ ಇದೇ ಬೇಕಾದುದು.

ಹಾಲೆಂಡಿನ ಡಾಫ್ ಕಂಪೆನಿಯು 1958ರಲ್ಲಿ ಈ ಕ್ರಮವನ್ನು ಮೋಟಾರುಕಾರಿಗೆ ಅಳವಡಿಸಿತು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಿಂದ ಇದು ಜನಬಳಕೆಗೆ ಬಂದಿತು. ಜರ್ಮನಿಯ ಫೆಂಡ್ಟ್ ಕಂಪೆನಿಯು 1995ರಲ್ಲಿ ಬೆಲ್ಟಿನ ಬದಲು ಎಣ್ಣೆಯ ಒತ್ತಡವನ್ನೂ ಹಲ್ಲುಚಕ್ರಗಳನ್ನೂ ಕೂಡಿಸಿ ಟ್ರ್ಯಾಕ್ಟರಿಗೆ ಇಂಥದೇ ಸೌಕರ್ಯವನ್ನು ಒದಗಿಸಿತು.

ಆದರೆ ಬೆಲ್ಟು ಜಾರಿ ಕಾವೇರುವುದರಿಂದ ಹಲ್ಲುಚಕ್ರಕ್ಕಿಂತ ಹೆಚ್ಚು ಶಕ್ತಿ ನಷ್ಟವಾಗುವುದು. ಆದಕಾರಣ ಪೇಟೆಯಲ್ಲಿ ನಿಂತು ನಿಂತು ಸಾಗುವವರಿಗೆ ಗೇರಿಲ್ಲದ ಸ್ಕೂಟರು ಅನುಕೂಲ. ಒಂದೇ ನಡಿಗೆಯಲ್ಲಿ ದಿನವಿಡೀ ಉಳುವ ಟ್ರ್ಯಾಕ್ಟರಿಗೆ ಸಾಮಾನ್ಯ ಗೇರೇ ಸಾಕು. ಸ್ಕೂಟರಿನ ಮೇಲೆ ಈರುಳ್ಳಿ ಮೂಟೆಗಳನ್ನು ಮಿತಿಮೀರಿ ಹೇರಿ ದಿಣ್ಣೆಯೇರಿಸಿದರೆ ಬೆಲ್ಟು ಬೇಗನೆ ಸವೆಯುವುದು. ಧೂಳಿನ ದಾರಿಯಲ್ಲಿ ಓಡಾಡುವವರು ಕೈಪಿಡಿಯಲ್ಲಿ ಹೇಳಿದ ಅವಧಿಗೆ ತಪ್ಪದೆ ಬೆಲ್ಟನ್ನೂ ಗಾಳಿಯ ಜಾಲರಿಯನ್ನೂ ಪರೀಕ್ಷೆ ಮಾಡಿಸತಕ್ಕದ್ದು.