ಬಿಗಿದುಕೊಂಡ ವಾಲ್ವ್: ಬಲ ಬೇಡ, ತಾಳ್ಮೆ ಬೇಕು

ಪ್ರಿಯರೇ, ಇವತ್ತು ನಿಮಗೆ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಗೆ ಬರುವ ನೀರನ್ನು ನಿಲ್ಲಿಸುವ ವಾಲ್ವ್ ಎಲ್ಲಿದೆ? ಅದನ್ನು ಕೊನೆಯ ಸಲ ತಿರುಗಿಸಿದ್ದು ಯಾವಾಗ?

ಉತ್ತರ ಗೊತ್ತಿಲ್ಲ ಅಲ್ವಾ? ನನಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಬಾತ್‌ರೂಮಿನ ನಲ್ಲಿ ಮುರಿದು ನೀರು ಚಿಮ್ಮಿತು. ತಾರಸಿಗೆ ಓಡಿಹೋಗಿ ಟ್ಯಾಂಕಿನ ವಾಲ್ವ್ ಹಿಡಿದೆ, ಅದು ಅಲುಗಾಡಲೇ ಇಲ್ಲ. ಟ್ಯಾಂಕ್ ಖಾಲಿಯಾಗುವವರೆಗೆ ಮನೆಯೆಲ್ಲಾ ನೀರು. ವಯಸ್ಸಾದ ತಾಯಿ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು.

ವಾಲ್ವ್ ಯಾಕೆ ಬಿಗಿಯುತ್ತೆ? ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತದೆ, ಲೋಹ ಕಿಲುಬು ಹಿಡಿಯುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಎರಡೂ ಸೇರಿ ಗಟ್ಟಿಯಾಗುತ್ತವೆ.

ಈಗ ಗಮನವಿಟ್ಟು ಕೇಳಿ. ಚಕ್ರದಂಥ ಹಿಡಿ ಇರುವ ಹಿತ್ತಾಳೆ ಗೇಟ್ ವಾಲ್ವ್ ಬಿಡಿಸುವ ಕ್ರಮ ಇದು.

ಮೊದಲನೆಯದಾಗಿ, ಸಿದ್ಧರಾಗಿ. ಮೋಟಾರ್ ಆಫ್ ಮಾಡಿ, ಬೇಕಾದ ನೀರು ತುಂಬಿಟ್ಟುಕೊಂಡು ಟ್ಯಾಂಕ್ ಖಾಲಿ ಮಾಡಿ. ಆಗ ವಾಲ್ವ್ ಮುರಿದರೂ ಮನೆ ಮುಳುಗಲ್ಲ.

ಎರಡನೆಯದಾಗಿ, ಕಾಯಿರಿ. ಹಿಡಿಯ ಕಡ್ಡಿ ಒಳಗೆ ಹೋಗುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಹಾಕಿ, ಅರ್ಧ ಗಂಟೆ ಬಿಡಿ. ಸಿಪಿವಿಸಿ ಪೈಪಿಗೆ ಎಣ್ಣೆ ತಾಗಿಸ್ಬೇಡಿ, ಕೆಲವು ಎಣ್ಣೆಗಳಿಂದ ಅದು ಬಿರುಕು ಬಿಡಬಹುದು.

ಮೂರನೆಯದಾಗಿ, ಕಡ್ಡಿಯ ಬುಡದಲ್ಲಿರುವ ಚಿಕ್ಕ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ.

ನಾಲ್ಕನೆಯದಾಗಿ, ಪೈಪ್ ತಿರುಚದಂತೆ ಒಂದು ಸ್ಪ್ಯಾನರ್‌ನಿಂದ ವಾಲ್ವಿನ ಮೈಯನ್ನು ಹಿಡಿದುಕೊಳ್ಳಿ. ಹಿಡಿಯನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಅದು ಬಿಡ್ತಾ ಇದೆ ಅಂತ ಅರ್ಥ. ಉದ್ದದ ಸ್ಪ್ಯಾನರ್ ಹಾಕಿ ಹಿಡಿಯನ್ನು ಜಗ್ಗಬೇಡಿ! ಕಡ್ಡಿ ಮುರಿದರೆ ವಾಲ್ವನ್ನೇ ಬದಲಿಸಬೇಕು. ಎರಡು ಮೂರು ಸಲ ಎಣ್ಣೆ ಹಾಕಿದರೂ ಅಲುಗದಿದ್ದರೆ ಪ್ಲಂಬರನ್ನು ಕರೆಯಿರಿ.

ಬಿಟ್ಟ ಮೇಲೆ ಕೆಲವು ಸಲ ಪೂರ್ತಿ ಮುಚ್ಚಿ, ತೆರೆಯಿರಿ. ನಟ್ ಮತ್ತೆ ಬಿಗಿ ಮಾಡಿ. ಕೊನೆಗೆ ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತನ್ನಿ, ಆಗ ತುದಿಯಲ್ಲಿ ಕಚ್ಚಿಕೊಳ್ಳುವುದಿಲ್ಲ. ಮುಚ್ಚಿದರೂ ನೀರು ನಿಲ್ಲದಿದ್ದರೆ ಬಾಲ್ ವಾಲ್ವ್ ಹಾಕಿಸಿ, ಅದು ಕಾಲು ಸುತ್ತಿಗೇ ಮುಚ್ಚುತ್ತೆ.

ಪ್ರಿಯರೇ, 6 ತಿಂಗಳಿಗೊಮ್ಮೆ ಅದನ್ನು ತಿರುಗಿಸಿ. ಮನೆಯಲ್ಲಿರುವ ಎಲ್ಲರಿಗೂ ಅದು ಎಲ್ಲಿದೆ ಅಂತ ತೋರಿಸಿ. ನೀರು ನುಗ್ಗಿದ ರಾತ್ರಿ ಕಲಿಯೋಕೆ ಸಮಯ ಇರಲ್ಲ. ಇವತ್ತು ಮನೆಗೆ ಹೋದ ಕೂಡಲೇ ಒಂದು ಸಲ ತಿರುಗಿಸಿ ನೋಡಿ.