ಇಂದಿನ ಧಮ್ಮ ಚಿಂತನೆ: ಅಕ್ಕಿ ಆರಿಸುವ ಯಂತ್ರ

 

ಸಾಲಿಗ್ರಾಮದ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ನಮ್ಮವ್ವ ಹದಿನಾಲ್ಕು ವರ್ಷ ಅಕ್ಕಿ ಆರಿಸಿದಳು. ಮೊರ ಮುಂದಿಟ್ಟುಕೊಂಡು ಕಲ್ಲು, ನೆಲ್ಲು, ಕಪ್ಪಕ್ಕಿ ತೆಗೆಯುವ ಕೆಲಸ. ಸಂಜೆಗೆ ಕಣ್ಣುರಿ, ರಾತ್ರಿಯೆಲ್ಲ ಕೆಮ್ಮು. ಆಮೇಲೆ ಕಲರ್ ಸಾರ್ಟರ್ ಯಂತ್ರ ಬಂತು. ಜಾರಿ ಬೀಳುವ ಒಂದೊಂದು ಕಾಳನ್ನೂ ಅದರ ಕ್ಯಾಮೆರಾ ನೋಡುತ್ತದೆ. ಬಣ್ಣಗೆಟ್ಟದ್ದು ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ಆರು ಹೆಂಗಸರು ಕೆಲಸ ಬಿಟ್ಟು ಮನೆಗೆ ಬಂದರು. "ಕಣ್ಣು ಉಳೀತು ಕಣಪ್ಪ, ಕೂಲಿ ಹೋಯ್ತು" ಅಂದಳು ಅವ್ವ.

ಹಾಗಾದರೆ ಯಂತ್ರ ನಮ್ಮ ಶತ್ರುವೇ?

ಗಾಂಧೀಜಿಯವರ ಯಂತ್ರವಿರೋಧವನ್ನು ಬಾಬಾಸಾಹೇಬರು 1945ರಲ್ಲಿ ಒಪ್ಪಲಿಲ್ಲ. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಿ, ಓದಲು, ಯೋಚಿಸಲು ಬಿಡುವು ಸಿಗಬೇಕಾದರೆ ಯಂತ್ರ ಬೇಕೇ ಬೇಕು. ದೋಷವಿರುವುದು ಅದರ ಫಲವನ್ನು ಕೆಲವರಿಗೇ ಕೊಡುವ ಸಮಾಜ ವ್ಯವಸ್ಥೆಯಲ್ಲಿ ಎಂದರು. ಆ ಬಿಡುವು ತಾನಾಗಿ ಬರುವುದಿಲ್ಲವೆಂದೂ ಅವರಿಗೆ ಗೊತ್ತಿತ್ತು. ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ 1946ರಲ್ಲಿ ಕಾರ್ಖಾನೆ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸುವ ಕಾನೂನು ತಂದರು.

ಇನ್ನೊಂದು ಸಂಗತಿ. ಆಗ ಮುಂಬಯಿ ಬಟ್ಟೆ ಗಿರಣಿಗಳಲ್ಲಿ ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಬಿಡುತ್ತಿರಲಿಲ್ಲ. ಅಲ್ಲಿ ನೂಲಿಗೆ ಬಾಯಿ ತಾಗಿಸಬೇಕು, ನಮ್ಮ ಎಂಜಲು ಮೈಲಿಗೆ! 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಇದನ್ನು ಎತ್ತಿ ಪ್ರಶ್ನಿಸಿದರು. ಮಗ್ಗ ಯಾರನ್ನೂ ತಡೆದಿರಲಿಲ್ಲ, ಮನುಷ್ಯರೇ ತಡೆದಿದ್ದರು.

ನಮ್ಮ ಮಿಲ್ಲಿನಲ್ಲಿ ಯಂತ್ರ ನಡೆಸಲು ಹೊರಗಿನಿಂದ ಹುಡುಗರನ್ನು ಕರೆತಂದರು. ಕೆಟ್ಟ ಕಾಳನ್ನು ಕಣ್ಣಳತೆಯಲ್ಲೇ ಬಲ್ಲ ಆ ಆರು ಜನರಿಗೆ "ನೀವು ಕಲೀತೀರಾ?" ಎಂದು ಯಾರೂ ಕೇಳಲಿಲ್ಲ. ಕಲಿಸಿ ಎಂದು ನಾವೂ ಕೇಳಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಬಿಡದಿಯ ಕಾರು ಕಾರ್ಖಾನೆಯಲ್ಲಿ ಈಗ ಬೆಸುಗೆ ಹಾಕುವುದು ರೋಬೋಟ್ ಕೈ. ಅದನ್ನು ಹೊಂದಿಸುವುದು, ಕೆಟ್ಟರೆ ಸರಿಮಾಡುವುದು ಮನುಷ್ಯರ ಕೈ. ಅಂಥ ಕೈಗಳು ಕಡಿಮೆ ಸಾಕು, ನಿಜ. ಆದ್ದರಿಂದಲೇ ಕಲಿಕೆಯೊಂದೇ ಸಾಲದು, ಸಂಘಟನೆಯೂ ಬೇಕು.

ನಾವು ಪಠಿಸುವ ಮಂಗಲ ಸುತ್ತದಲ್ಲಿ ಭಗವಾನ್ ಬುದ್ಧರು ವಿದ್ಯೆಯ ಜೊತೆಗೇ ಕೈಕಸುಬಿನ ಕುಶಲತೆಯನ್ನೂ ಉತ್ತಮ ಮಂಗಲವೆಂದು ಎಣಿಸಿದ್ದಾರೆ. ಸಮ್ಯಕ್ ಆಜೀವಕ್ಕೆ ಇದೂ ಒಂದು ದಾರಿ.

ಇಂದಿನ ಅಭ್ಯಾಸ: ನಿಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿರುವ ಒಬ್ಬ ಮಗಳನ್ನೋ ಮಗನನ್ನೋ ಮಾತಾಡಿಸಿ. ಐಟಿಐಗೆ ಅರ್ಜಿ ಹಾಕಲು ಜೊತೆಗೆ ಹೋಗಿ. ಅವ್ವನನ್ನು ಯಾರೂ ಕೇಳಲಿಲ್ಲ. ಈ ಮಕ್ಕಳನ್ನು ನಾವು ಕೇಳೋಣ.

ಭವತು ಸಬ್ಬ ಮಂಗಲಂ.